ಬಲಗಡೆ ನಡೆಯುವವರು

ಅಕ್ಟೋಬರ್ ೪, ಫುನಾಬೊರಿ, ಟೋಕಿಯೊ

ಇವತ್ತು ಕನ್ನಡ ಕ್ಲಾಸಿನಲ್ಲಿ ಯಾವುದೋ ಮಗು "ಆಂಟಿ, ಳ ಹೇಗೆ ಬರೆಯೋದು?" ಎಂದಿತು. ನಾನು ಬಾಗಿಲ ಬಳಿ ಕೂತವಳ ಕಡೆ ತಿರುಗಿ "ಬಾ, ತೋರಿಸ್ತೀನಿ" ಎಂದೆ. ಕೇಳಿದ್ದು ಕಿಟಕಿಯ ಪಕ್ಕದವಳು. ಎಲ್ಲರೂ ನಕ್ಕರು. ತಮಾಷೆಗೆ ಹಾಗೆ ಮಾಡಿದವಳಂತೆ ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು. ಈ ಸಲ ಅವರು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಕ್ಕಿದ್ದರೇ ಚೆನ್ನಾಗಿತ್ತು.

ಶಬ್ದ ಯಾವ ದಿಕ್ಕಿನಿಂದ ಬಂತು ಎಂದು ತಿಳಿಯಲು ಎರಡು ಕಿವಿಯೂ ಬೇಕಂತೆ. ಡಾಕ್ಟರು ಹೇಳುವವರೆಗೆ ನನಗೆ ಅದು ಗೊತ್ತಿರಲಿಲ್ಲ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಎದ್ದಾಗ ಎಡಗಿವಿಗೆ ಹತ್ತಿ ತುರುಕಿದ ಹಾಗಿತ್ತು. ಹಿಂದಿನ ದಿನ ಮಗಳ ಜೊತೆ ಈಜುಕೊಳಕ್ಕೆ ಹೋಗಿದ್ದೆ. ನೀರು ಸೇರಿಕೊಂಡಿರಬೇಕು, ತಾನಾಗಿ ಹೋಗುತ್ತದೆ ಎಂದು ಒಂದು ವಾರ ಸುಮ್ಮನಿದ್ದೆ. ಆ ವಾರವೇ ಮುಖ್ಯವಾಗಿತ್ತು ಎಂದರು ಡಾಕ್ಟರು. ಮಾತ್ರೆ, ಇಂಜೆಕ್ಷನ್ ಎಲ್ಲಾ ಮುಗಿಯಿತು. ಈಗ ಆ ಕಿವಿಯಲ್ಲಿ ಉಳಿದಿರುವುದು ಹಳೇ ಫ್ರಿಜ್ಜಿನಂತೆ ಗುಂಯ್‌ಗುಡುವ ಸದ್ದೊಂದೇ.

ತಾಯಂದಿರ ಗ್ರೂಪಿಗೆ ಮೆಸೇಜ್ ಹಾಕಿದೆ: ಮನೆಯಲ್ಲಿ ಕೆಲಸ ಜಾಸ್ತಿ, ಸದ್ಯಕ್ಕೆ ಶನಿವಾರದ ಕ್ಲಾಸ್ ಇರುವುದಿಲ್ಲ. ನನ್ನ ಗಂಡ ಮಧುಕರ್ ಅದನ್ನು ಓದಿ, "ಇದ್ಯಾಕೆ ಸುಳ್ಳು? ಒಂದು ಕಿವಿ ಕೇಳಲ್ಲ ಅಂತ ಹೇಳಿದ್ರೆ ಮುಗೀತಲ್ಲ" ಎಂದರು. ಇವರಿಗೇನು, ಹೇಳುವುದು ಸುಲಭ. ನಾಳೆಯಿಂದ ಎಲ್ಲರೂ ನನ್ನ ಹತ್ತಿರ ಜೋರಾಗಿ, ನಿಧಾನವಾಗಿ, ಹಸುಗೂಸಿಗೆ ಹೇಳುವ ಹಾಗೆ ಮಾತಾಡಲು ಶುರುಮಾಡುತ್ತಾರೆ. ನಲವತ್ತನಾಲ್ಕಕ್ಕೇ ನನಗೆ ಅದು ಬೇಡ.

ಅಕ್ಟೋಬರ್ ೧೨

ಕುರಿಹಾರಾ ಸಾನ್ ಬಂದು ಹೋಟೆಲಿನ ಫೋಟೊ ತೋರಿಸಿ ಹೋದರು. ನಮ್ಮ ಕೆಳಗಿನ ಮನೆಯ ಹಿರಿಯ ಹೆಂಗಸು. ಗಂಡ ಹೋದ ಮೇಲೆ ದಿನಾ ಬೆಳಿಗ್ಗೆ ರೇಡಿಯೊ ಮುಂದೆ ಕೂತು ಇಟಾಲಿಯನ್ ಕಲಿಯುತ್ತಾರೆ. ಇಟಲಿಯನ್ನು ಮಾತ್ರ ಕಂಡಿಲ್ಲ. ಒಬ್ಬರೇ ಹೋಗಲು ಭಯ ಎಂದು ಜುಲೈನಲ್ಲಿ ನನ್ನನ್ನೂ ನನ್ನ ಗೆಳತಿ ಯಾಮಿನಿಯನ್ನೂ ಜೊತೆಗೆ ಒಪ್ಪಿಸಿದರು. ಬೊಲೊನ್ಯಾ ಎಂಬ ಊರಿಗೆ, ನವೆಂಬರಿನಲ್ಲಿ ನಾಲ್ಕೈದು ದಿನ. ಜುಲೈನಲ್ಲಿ ಎಂತಹ ಉತ್ಸಾಹ ನನಗೆ. ಆಗ ಎರಡು ಕಿವಿ ಇದ್ದವು.

ಇವತ್ತು ಅವರು ಸೋಫಾದ ಎಡಕ್ಕೆ ಕೂತರು. ನಾನು ಟೀ ತರುವ ನೆಪದಲ್ಲಿ ಎದ್ದುಹೋಗಿ, ಬಂದು ಇನ್ನೊಂದು ತುದಿಗೆ ಕೂತೆ. ಅವರಿಗೆ ಗೊತ್ತಾಗಲಿಲ್ಲ. ಈಗ ನನಗೆ ಇದೆಲ್ಲಾ ಅಭ್ಯಾಸವಾಗಿದೆ. ಹೋಟೆಲಿನಲ್ಲಿ ಎಡಕ್ಕೆ ಗೋಡೆ ಬರುವ ಹಾಗೆ ಕೂರುವುದು, ಮಾತಾಡುವವರ ಮುಖವನ್ನೇ ನೋಡುವುದು, ತಿಳಿಯದಿದ್ದರೆ ನಕ್ಕು ತಲೆಯಾಡಿಸುವುದು. ಜಪಾನಿನಲ್ಲಿ ನಕ್ಕು ತಲೆಯಾಡಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಅಷ್ಟರ ಮಟ್ಟಿಗೆ ಪುಣ್ಯ.

ಅಕ್ಟೋಬರ್ ೨೩

ಬೆಳಿಗ್ಗೆ ಯಾಮಿನಿ ವಾಕಿಂಗಿಗೆ ಕರೆದಳು. ಬಹಳ ದಿನವಾಗಿತ್ತು. ಪಕ್ಕದ ಬ್ಲಾಕಿನಲ್ಲೇ ಇದ್ದರೂ ಈ ನಡುವೆ ನಾನೇ ತಪ್ಪಿಸಿಕೊಳ್ಳುತ್ತಿದ್ದೆ. ಮೈಸೂರಿನವಳು, ನನಗಿಂತ ಚಿಕ್ಕವಳು, ಐದು ವರ್ಷದಿಂದ ಇಲ್ಲಿ ನನಗಿರುವ ಒಬ್ಬಳೇ ಸ್ವಂತದವಳು ಎನ್ನಬಹುದು. ಮಗುವಿಗಾಗಿ ಆಸ್ಪತ್ರೆಗೆ ಓಡಾಡುತ್ತಿದ್ದಾಳೆ. ಅದನ್ನು ಅವಳು ಹೇಳಿಕೊಂಡಿರುವುದು ನನ್ನೊಬ್ಬಳ ಹತ್ತಿರ. ಅದು ಎಲ್ಲಿಗೆ ಬಂತು ಎಂದು ನಾನು ಕೇಳಿಯೂ ಎಷ್ಟೋ ದಿನವಾಯಿತು.

ಕಾಲುವೆಯ ದಂಡೆಯಲ್ಲಿ ನಡೆದೆವು. ದಾರಿ ಕಿರಿದು, ಅವಳು ನನ್ನ ಎಡಕ್ಕೆ ಬಂದುಬಿಟ್ಟಳು. ಗಾಳಿ ಬೇರೆ. ಊರಿನಿಂದ ಬಂದಿದ್ದ ಅವಳ ಅತ್ತೆಯ ವಿಷಯ ಏನೋ ಹೇಳುತ್ತಿದ್ದಳು. ಹೋದ ವರ್ಷವೂ ಆಕೆ ಚಳಿ ತಡೆಯದೆ ಬೇಗ ಹೊರಟುಹೋಗಿದ್ದರು. ಆಮೇಲೆ ಅವಳು ನೀರಿನ ಕಡೆ ಮುಖ ಮಾಡಿದಳು, ತುಟಿ ಕಾಣಲಿಲ್ಲ. ಕೊನೆಯಲ್ಲಿ "ಈ ಸಲಾನೂ ನಿಲ್ಲಲಿಲ್ಲ" ಎಂದದ್ದು ಮಾತ್ರ ಕಿವಿಗೆ ಬಿತ್ತು. ನಾನು ನಕ್ಕು, "ಒಳ್ಳೇದೇ ಆಯ್ತು ಬಿಡು, ನಿಂಗೂ ನಿರಾಳ" ಎಂದೆ.

ಅವಳು ನಿಂತು ನನ್ನನ್ನು ನೋಡಿದಳು. ಅತ್ತೆಯನ್ನು ಅಷ್ಟು ಹಗುರವಾಗಿ ಅನ್ನಬಾರದಿತ್ತೇನೋ. ಅವಳಿಗೆ ಅತ್ತೆಯ ಮೇಲೆ ಇಷ್ಟೊಂದು ಪ್ರೀತಿ ಎಂದು ನನಗೇನು ಗೊತ್ತು. ತಲೆನೋವು ಎಂದು ಅರ್ಧಕ್ಕೇ ಮನೆಗೆ ಹೋದಳು.

ನವೆಂಬರ್ ೨

ಯಾಮಿನಿ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ.

ನವೆಂಬರ್ ೯

ಇಟಲಿಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿ ಬೆಳಿಗ್ಗೆ ಎದ್ದೆ. ವಿಮಾನ ಹತ್ತಿದರೆ ಕಿವಿಗೆ ತೊಂದರೆ ಎಂದು ಹೇಳಿಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹಾಗೆ ಹೇಳಬೇಕಾದರೆ ಕಿವಿಯ ವಿಷಯ ಹೇಳಬೇಕಲ್ಲ. ಬೆನ್ನುನೋವು ಎನ್ನೋಣ ಎಂದರೆ ಮಧುಕರ್, "ಡಾಕ್ಟರ್ ಧಾರಾಳವಾಗಿ ಹೋಗಿ ಅಂದಿದಾರೆ. ಆ ಅಜ್ಜಿ ಎಷ್ಟು ವರ್ಷದಿಂದ ಕಾಯ್ತಿದಾರೆ. ನೀನು ಬರಲ್ಲ ಅಂದ್ರೆ ಅವರೂ ಹೋಗಲ್ಲ" ಎಂದರು.

ಮಧ್ಯಾಹ್ನ ಅನು ಎಲ್ಲಿಂದಲೋ "ಅಮ್ಮಾ" ಎಂದು ಕೂಗಿದಳು. ನಾನು ಬಾಲ್ಕನಿಗೆ ಹೋದೆ. ಅವಳಿದ್ದದ್ದು ಬಚ್ಚಲುಮನೆಯಲ್ಲಿ. ಹಿಂದಿನಿಂದ ಬಂದು ತೋಳು ಹಿಡಿದು "ಕೊಚ್ಚಿ" ಎಂದಳು, ಈ ಕಡೆ ಎಂದು. ಹದಿಮೂರರ ಹುಡುಗಿ, ನಾನು ಕನ್ನಡದಲ್ಲಿ ಹತ್ತು ಮಾತಾಡಿದರೆ ಜಪಾನಿ ಭಾಷೆಯಲ್ಲಿ ಒಂದು ಆಡುವವಳು. ಹಾಗೆ ತೋಳು ಹಿಡಿದದ್ದು ಎಷ್ಟು ಕಾಲವಾಗಿತ್ತೋ. ನಾನು ಕೈ ಕೊಸರಿಕೊಂಡೆ. ಯಾಕೆ ಕೊಸರಿಕೊಂಡೆನೋ.

ಹೋಗುತ್ತೇನೆ ಎಂದು ಕುರಿಹಾರಾ ಸಾನ್‌ಗೆ ಹೇಳಿದೆ.

ನವೆಂಬರ್ ೧೮, ಹನೇದಾ ವಿಮಾನ ನಿಲ್ದಾಣ

ಯಾಮಿನಿ ಸೊರಗಿಹೋಗಿದ್ದಾಳೆ. ಡಯಟ್ ಮಾಡುತ್ತಿದ್ದೀಯಾ ಎಂದೆ. ಇಲ್ಲ ಎಂದಳು. "ಅತ್ತೆ ಊರು ಸೇರಿದ್ರಾ?" ಎಂದೆ. "ಹೂಂ, ಹೋದ ತಿಂಗಳೇ" ಎಂದು ಫೋನ್ ತೆಗೆದುಕೊಂಡಳು. ಅವಳ ಗಂಡ ಪ್ರಶಾಂತ ಬಿಡಲು ಬಂದಿದ್ದ. ಹೊರಡುವಾಗ ನನ್ನ ಹತ್ತಿರ ಬಂದು, "ಸ್ವಲ್ಪ ನೋಡ್ಕೊಳ್ಳಿ ಅಕ್ಕ, ಊಟ ಸರಿಯಾಗಿ ಮಾಡ್ತಿಲ್ಲ" ಎಂದ. ಬಲಗಡೆ ನಿಂತು ಹೇಳಿದ್ದರಿಂದ ಪೂರ್ತಿ ಕೇಳಿಸಿತು. ಆಗಲಿ ಎಂದೆ.

ಕುರಿಹಾರಾ ಸಾನ್ ಈಗಲೇ ತುಟಿ ಅಲ್ಲಾಡಿಸುತ್ತ ಇಟಾಲಿಯನ್ ಅಭ್ಯಾಸ ಮಾಡುತ್ತಿದ್ದಾರೆ.

ನವೆಂಬರ್ ೨೦, ಬೊಲೊನ್ಯಾ

ಊರಿಗೆ ಊರೇ ಕೆಂಪು, ಅರಿಶಿನ, ಬೆಲ್ಲದ ಬಣ್ಣ. ಬೀದಿಯ ಎರಡೂ ಕಡೆ ಕಟ್ಟಡಗಳ ಕೆಳಗೇ ಕಂಬಸಾಲಿನ ಮೊಗಸಾಲೆ. ಇಡೀ ಊರನ್ನು ತಲೆಗೆ ಬಿಸಿಲು ತಾಗದ ಹಾಗೆ ಸುತ್ತಬಹುದು. ಒಂದು ಗೋಪುರ ಎಷ್ಟು ವಾಲಿದೆ ಎಂದರೆ ಸುತ್ತ ಬೇಲಿ ಕಟ್ಟಿ ರಿಪೇರಿ ನಡೆಸಿದ್ದಾರೆ. ಬರುವ ಮುಂಚೆ ಇದೆಲ್ಲಾ ಚೆಂದ ಎಂದೇ ಓದಿದ್ದೆ. ಕಮಾನುಗಳ ಕೆಳಗೆ ಸದ್ದು ಹೇಗೆ ತಿರುಗುತ್ತದೆ ಎಂದು ಯಾರೂ ಬರೆದಿರಲಿಲ್ಲ. ಚಮಚ, ಸೈಕಲ್ಲಿನ ಗಂಟೆ, ನಗು, ನಾಯಿ ಎಲ್ಲ ಕಲಸಿ ಒಂದೇ ಗೋಡೆಯಾಗಿ ಎದುರು ಬರುತ್ತದೆ. ಟೋಕಿಯೊದ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಅಲ್ಲಿ ನನ್ನ ಕಿವುಡು ಬಚ್ಚಿಟ್ಟುಕೊಳ್ಳಲು ಜಾಗವಿದೆ. ಇಲ್ಲಿ ಎಲ್ಲರೂ ಮಾತಾಡುತ್ತಾರೆ.

ಮಧ್ಯಾಹ್ನ ಊಟಕ್ಕೆ ಹೋದಾಗ ಕುರಿಹಾರಾ ಸಾನ್ ನೆಟ್ಟಗೆ ಕೂತು, ವರ್ಷಗಳಿಂದ ಕಾದಿಟ್ಟ ವಾಕ್ಯ ಹೇಳಿದರು. ಇಬ್ಬರು ಮಾಂಸ ತಿನ್ನುವುದಿಲ್ಲ, ಅವರಿಗೆ ಏನಿದೆ ಎಂದು. ಬಡಿಸುವ ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಕುರಿಹಾರಾ ಸಾನ್ ಮತ್ತೆ ಇಟಾಲಿಯನ್‌ನಲ್ಲಿ ಕೇಳಿದರು. ಮತ್ತೆ ಇಂಗ್ಲಿಷೇ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಹೀಗೇ. ಸಂಜೆಯ ಹೊತ್ತಿಗೆ ಅವರು ಜಪಾನಿ ಭಾಷೆಯಲ್ಲೇ "ಸುಮಿಮಾಸೆನ್", ಕ್ಷಮಿಸಿ, ಎನ್ನಲು ಶುರುಮಾಡಿದ್ದರು.

ನಮಗೆ ಸಿಕ್ಕಿದ್ದು ಸೊಪ್ಪು, ಗಿಣ್ಣಿನ ಹಾಗಿರುವ ಚೀಸ್ ತುಂಬಿ ಬೆಣ್ಣೆಯಲ್ಲಿ ಹೊರಳಿಸಿದ ಕಡುಬು. ಯಾಮಿನಿ ಎರಡು ತಿಂದು ತಟ್ಟೆ ಸರಿಸಿದಳು. ಪ್ರಶಾಂತ ಹೇಳಿದ್ದು ನೆನಪಾಗಿ "ತಿನ್ನೇ" ಎಂದೆ. ಅವಳು ಏನೋ ಹೇಳಿದಳು. ಪಕ್ಕದ ಮೇಜಿನಲ್ಲಿ ಗದ್ದಲ. ನಕ್ಕು ತಲೆಯಾಡಿಸಿದೆ. 

ನನಗೆ ಸುಸ್ತು. ಎಲ್ಲರ ತುಟಿ ನೋಡಿ ನೋಡಿ ಕಣ್ಣು ಉರಿಯುತ್ತಿದೆ. ನೋಡುವುದಕ್ಕೆಂದು ಬಂದ ಊರನ್ನು ನೋಡಲೇ ಇಲ್ಲ.

ನವೆಂಬರ್ ೨೧

ಹೇಗೆ ಬರೆಯುವುದೋ. ಆದದ್ದು ಆದ ಹಾಗೆ ಬರೆಯುತ್ತೇನೆ.

ದೊಡ್ಡ ಚೌಕದ ಪಕ್ಕದ ಹಳೇ ಅರಮನೆಯ ಕೆಳಗೆ ಒಂದು ಹಾದಿಯಿದೆ. ಮೇಲೆ ಕಮಾನಿನ ಚಾವಣಿ, ನಾಲ್ಕು ಮೂಲೆಗೆ ನಾಲ್ಕು ದಪ್ಪ ಕಂಬ. ಒಬ್ಬರು ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ, ಅವರಿಗೆ ಬೆನ್ನು ಮಾಡಿ ನಿಂತವರಿಗೆ ಕೇಳಿಸುತ್ತದೆ. ಮಾತು ಗೋಡೆ ಹತ್ತಿ, ಚಾವಣಿ ದಾಟಿ, ಆಚೆ ಇಳಿಯುತ್ತದೆ. ಕುರಿಹಾರಾ ಸಾನ್ ಇದನ್ನು ಹೇಳಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಇದು ನನಗೆ ಪರೀಕ್ಷೆಯೇ ಸರಿ. ಫೋಟೊ ತೆಗೆಯುತ್ತೇನೆ, ನೀವಿಬ್ಬರೂ ನಿಲ್ಲಿ ಎಂದೆ. ಅವರು ಬಿಡಲಿಲ್ಲ, ಭುಜ ಹಿಡಿದು ನನ್ನನ್ನು ಮೂಲೆಗೆ ನಿಲ್ಲಿಸಿದರು.

ನಾನು ಬಲಗಿವಿಯನ್ನು ಕಲ್ಲಿಗೆ ಒತ್ತಿದೆ. ತಣ್ಣಗಿತ್ತು. "ಮೊಶಿ ಮೊಶಿ, ವೇದಾ ಸಾನ್?" ಎಂದು, ಫೋನಿನಲ್ಲಿ ಹಲೋ ಎನ್ನುವಂತೆ, ಕುರಿಹಾರಾ ಸಾನ್ ಕಿವಿಯ ಒಳಗೇ ಕೂತು ಕರೆದ ಹಾಗೆ ಕೇಳಿಸಿತು. ಮೂರು ತಿಂಗಳಿನಿಂದ ಯಾರ ಮಾತೂ ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿರಲಿಲ್ಲ. ಸುತ್ತಲಿನ ಗದ್ದಲ ಎಲ್ಲಿ ಹೋಯಿತೋ. ಕೇಳಿಸಿತು, ಕೇಳಿಸಿತು ಎಂದೆ. ಮೈಯೆಲ್ಲ ಹಗುರವಾಯಿತು. ಇನ್ನೂ ಏನಾದರೂ ಹೇಳಿ ಎಂದೆ.

ಈ ಸಲ ಬಂದದ್ದು ಯಾಮಿನಿಯ ದನಿ.

"ಕೇಳಿಸ್ತಿದ್ಯಾ ವೇದಕ್ಕ?"

"ಹೂಂ, ಹೇಳು."

ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು.

"ಆವತ್ತು ಕಾಲುವೆ ಹತ್ರ, ಮಗು ಈ ಸಲಾನೂ ನಿಲ್ಲಲಿಲ್ಲ ಅಂದೆ. ನೀವು ನಗ್ತಾ ಒಳ್ಳೇದೇ ಆಯ್ತು ಅಂದ್ರಿ. ನಿಂಗೂ ನಿರಾಳ ಅಂದ್ರಿ. ಎಷ್ಟು ಯೋಚಿಸಿದ್ರೂ ನಂಗೆ ಅರ್ಥ ಆಗ್ಲಿಲ್ಲ. ಎದುರಿಗೆ ಕೇಳೋಕೆ ಧೈರ್ಯ ಸಾಲ್ತಿಲ್ಲ. ಯಾಕೆ ಹಾಗಂದ್ರಿ ಅಕ್ಕ?"

ಕಲ್ಲಿಗೆ ಒತ್ತಿದ್ದ ಕಿವಿಯನ್ನು ತೆಗೆಯಲು ಆಗಲಿಲ್ಲ.  ಗೋಡೆಗೇ ಹೇಳಿದೆ. "ಯಾಮಿನಿ, ನಂಗೆ ಎಡಗಿವಿ ಕೇಳಲ್ಲ. ಆಗಸ್ಟಿಂದ ಕೇಳಲ್ಲ. ನಾನು ನಿಮ್ಮತ್ತೆ ನಿಲ್ಲಲಿಲ್ಲ ಅಂದ್ಕೊಂಡೆ. ದೇವರಾಣೆ, ಅತ್ತೆ ವಿಷಯ ಅಂದ್ಕೊಂಡೆ." ಇನ್ನೂ ಏನೇನೋ ಹೇಳಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಎದುರು ಮೂಲೆಯಲ್ಲಿ ಯಾರೋ ಕಾಲೇಜು ಹುಡುಗ, ಹುಡುಗಿ ನಿಂತು ಗಾಬರಿಯಿಂದ ನನ್ನನ್ನು ನೋಡುತ್ತಿದ್ದರು. ನಾನು ಹೇಳಿದ್ದೆಲ್ಲ ಅವರಿಗೆ ಹೋಗಿತ್ತು. ಯಾಮಿನಿ ಕೇಳಿ ಹೊರಟುಬಿಟ್ಟಿದ್ದಳು. ಉತ್ತರಕ್ಕೆ ಕಾಯುವ ಶಕ್ತಿ ಇರಲಿಲ್ಲ ಎಂದು ಆಮೇಲೆ ಹೇಳಿದಳು.

ಕುರಿಹಾರಾ ಸಾನ್ ಕೂಡ ಕಾಣಲಿಲ್ಲ, ಅವಳ ಹಿಂದೆ ಹೋಗಿದ್ದರು. ನಾನು ಚೌಕ ದಾಟಿ ಒಂದು ಕಂಬಸಾಲಿಗೆ ಓಡಿದೆ, ಅಲ್ಲಿಂದ ಇನ್ನೊಂದಕ್ಕೆ. ಮೂಲೆಗೆ ನಿಲ್ಲುವಾಗ ಕೊಟ್ಟಿದ್ದ ನನ್ನ ಫೋನ್ ಕುರಿಹಾರಾ ಸಾನ್ ಚೀಲದಲ್ಲಿತ್ತು. ಆ ಹೊತ್ತಿಗೆ ನನ್ನ ಹೆಸರು ಕೇಳಿಸಿತು. "ವೇದಾ ಸಾನ್!" ಹಿಂದೆ ತಿರುಗಿದೆ, ಯಾರೂ ಇಲ್ಲ. ಮತ್ತೆ ಕೇಳಿಸಿತು. ರಸ್ತೆ ದಾಟಿ ಆಚೆ ಹೋದೆ. ಇನ್ನೂ ದೂರವಾಯಿತು. ಕಂಬ ಕಂಬವೂ ನನ್ನ ಹೆಸರು ಕೂಗುತ್ತಿತ್ತು, ಯಾವುದು ನಿಜ ಎಂದು ತಿಳಿಯುತ್ತಿರಲಿಲ್ಲ. ಹೀಗೇ ಓಡಿದರೆ ಇನ್ನಷ್ಟು ದೂರ ಹೋಗುತ್ತೇನೆ ಎಂದು ಹೊಳೆದು ಅಲ್ಲೇ ನಿಂತೆ. ನಿಂತು, ಹೊಟ್ಟೆಯಿಂದ ಕೂಗಿದೆ:

"ನಂಗೆ ಒಂದು ಕಿವಿ ಕೇಳಲ್ಲ! ಎಲ್ಲಿಂದ ಕರೀತಿದೀರಿ ಗೊತ್ತಾಗ್ತಿಲ್ಲ. ಇಲ್ಲೇ ನಿಂತಿರ್ತೀನಿ, ನೀವೇ ಬನ್ನಿ!"

ಕನ್ನಡದಲ್ಲಿ ಒಂದು ಸಲ, ಜಪಾನಿ ಭಾಷೆಯಲ್ಲಿ ಒಂದು ಸಲ. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮೊದಲು ಬಂದವಳು ಯಾಮಿನಿ. ಓಡಿಕೊಂಡು ಬಂದು, ಮೂರು ಹೆಜ್ಜೆ ದೂರದಲ್ಲಿ ನಿಂತಳು. "ಏನಂದ್ರಿ?"

ಮತ್ತೆ ಹೇಳಿದೆ. ಈ ಸಲ ಅವಳ ಮುಖ ನೋಡಿ. ಅತ್ತೆಯ ವಿಷಯವನ್ನೂ.

"ನಮ್ಮತ್ತೇನಾ?" ಎಂದಳು. "ನಮ್ಮತ್ತೆ ನಿಲ್ಲಲಿಲ್ಲ ಅಂತನಾ?" ಅವಳ ಗಂಟಲಿನಿಂದ ನಗು ಬಂತು, ಬಂದದ್ದು ಹಾಗೇ ಅಳುವಾಯಿತು. ಅಲ್ಲೇ ಇದ್ದ ಒಂದು ಚರ್ಚಿನ ಮೆಟ್ಟಿಲ ಮೇಲೆ ಕೂತೆವು. ನಾನು ಕೈ ಹಿಡಿಯಲು ಹೋದೆ, ಬಿಡಿಸಿಕೊಂಡಳು.

"ನನ್ನ ಗಂಡನಿಗೆ ಹೇಳೋಕೆ ಮುಂಚೆ ನಿಮಗೆ ಹೇಳ್ತೀನಿ ನಾನು. ಪ್ರತಿಯೊಂದೂ. ನೀವು ಇದೊಂದು ಹೇಳ್ಲಿಲ್ಲ. ನಾಚಿಕೆನಾ? ನನ್ನ ಹತ್ರ ನಾಚಿಕೆನಾ? ನೀವು ಒಂದು ಮಾತು ಹೇಳಿದ್ದಿದ್ರೆ ನಾನು ಈ ಒಂದು ತಿಂಗಳು..." 

ಕೋಟಿನ ಜೇಬಿನಿಂದ ಕರವಸ್ತ್ರ ತೆಗೆದು ಅವಳ ಪಕ್ಕದಲ್ಲಿಟ್ಟೆ. 

ಕುರಿಹಾರಾ ಸಾನ್ ಸ್ವಲ್ಪ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಬಂದರು. ನೀಲಿ ಕೋಟಿನ ಭಾರತದ ಹೆಂಗಸನ್ನು ಕಂಡಿರಾ ಎಂದು ಒಬ್ಬ ಮುದುಕನನ್ನು ಕೇಳಿದರಂತೆ. ಆತ ಪೂರ್ತಿ ಇಟಾಲಿಯನ್‌ನಲ್ಲೇ, ಎಡಕ್ಕೆ ಹೋಗಿ, ಗಡಿಯಾರದ ಅಂಗಡಿ ದಾಟಿ ಎಂದೆಲ್ಲಾ ವಿವರಿಸಿದನಂತೆ. ಅದನ್ನು ಹೇಳುವಾಗ ಮುಖ ಅರಳಿಹೋಗಿತ್ತು. ಆಮೇಲೆ ನಮ್ಮಿಬ್ಬರ ಮುಖ ನೋಡಿ ಮೆಟ್ಟಿಲ ಮೇಲೆ ಕೂತರು. ನನ್ನ ಕಿವಿಯ ವಿಷಯ ಅವರಿಗೂ ಹೇಳಿದೆ. ನಾಲ್ಕನೆಯ ಸಲಕ್ಕೆ ನಾಲಿಗೆ ತಡವರಿಸಲಿಲ್ಲ.

ಅವರು ತಲೆ ಬಾಗಿಸಿ, "ಕ್ಷಮಿಸಿ. ಲಿಫ್ಟಿನಲ್ಲಿ ನಾನು ಮಾತಾಡಿಸಿದರೂ ನೀವು ಸುಮ್ಮನಿರುತ್ತಿದ್ದಿರಿ. ವೇದಾ ಸಾನ್‌ಗೆ ಈಗ ಸ್ವಲ್ಪ ಜಂಬ ಬಂದಿದೆ ಎಂದುಕೊಂಡಿದ್ದೆ" ಎಂದರು.

ಅಂದರೆ ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡ ಅಷ್ಟೂ ದಿನ ಜನಕ್ಕೆ ಕಂಡದ್ದು ಇದು.

ನವೆಂಬರ್ ೨೨

ಯಾಮಿನಿ ಬೆಳಿಗ್ಗೆ ಮಾತಾಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಸಂತೆಬೀದಿಗೆ ಹೋದೆವು. ಅಣಬೆ, ದಾಳಿಂಬೆ, ಬೆಂಕಿಯಲ್ಲಿ ಸುಟ್ಟ ಚೆಸ್ಟ್‌ನಟ್. ಕಿರಿದಾದ ಬೀದಿ, ಜನವೋ ಜನ. ಅವಳು ನನ್ನ ಎಡಕ್ಕಿದ್ದಳು. ಹೂವಿನ ಅಂಗಡಿ ಬಂದಾಗ ನಿಂತಳು, ನನ್ನ ಬೆನ್ನ ಹಿಂದಿನಿಂದ ಬಳಸಿ ಬಂದು ಬಲಕ್ಕೆ ನಿಂತಳು.  ಊಟದ ಹೊತ್ತಿಗೆ "ಉಪ್ಪು ಕೊಡಿ" ಎಂದಳು.

ಉಪ್ಪು ಕೊಟ್ಟೆ. ಕಡುಬು ಪೂರ್ತಿ ತಿಂದಳು.

ನವೆಂಬರ್ ೨೩

ಊರ ಹೊರಗಿನ ಗುಡ್ಡದ ಮೇಲೆ ಒಂದು ಚರ್ಚು. ಕೆಳಗಿನಿಂದ ತುದಿಯವರೆಗೆ ಕಂಬಸಾಲಿನ ಚಾವಣಿ ಇದೆ, ನಮ್ಮ ಬೆಟ್ಟಗಳಿಗೆ ಮೆಟ್ಟಿಲಿರುವ ಹಾಗೆ. ಕುರಿಹಾರಾ ಸಾನ್ ಮೊಣಕಾಲು ನೋವೆಂದು ಚಿಕ್ಕ ಬಸ್ಸಿನಲ್ಲಿ ಹೋದರು. ಡ್ರೈವರ್ ಹತ್ತಿರ ಮಾತಾಡಬಹುದು ಎಂಬ ಆಸೆಯೂ ಇತ್ತು. ನಾವಿಬ್ಬರೂ ಹತ್ತಿದೆವು.

ಅರ್ಧ ದಾರಿಯಲ್ಲಿ ಯಾಮಿನಿ ತಾನಾಗಿ ಶುರುಮಾಡಿದಳು. ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕೇಳಿಸಿದ್ದರಂತೆ. ಕುದುರೆ ಓಡಿದ ಹಾಗಿತ್ತು ಎಂದಳು. ಮುಂದಿನ ಸಲ ಹೋದಾಗ ಡಾಕ್ಟರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಸುಮ್ಮನೆ ನೋಡಿದರಂತೆ. ಆ ಸುಮ್ಮನಿದ್ದದ್ದರಲ್ಲೇ ಅವಳಿಗೆ ಗೊತ್ತಾಯಿತಂತೆ. ಮನೆಯಲ್ಲಿ ಅತ್ತೆ ಇದ್ದರು. ಅವರಿಗೆ ತಿಳಿಯಬಾರದೆಂದು ಅವತ್ತೂ ಸಾರು ಮಾಡಿದಳಂತೆ, ಎರಡು ದಿನ ಬಿಟ್ಟು ಸೂಟ್‌ಕೇಸ್ ಕಟ್ಟಿ ಕಳಿಸಿಕೊಟ್ಟಳಂತೆ. ಮರುದಿನವೇ ನನ್ನನ್ನು ಕಾಲುವೆಗೆ ಕರೆದದ್ದು.

ದಾರಿಯಲ್ಲಿ ಮಂಜು ಇತ್ತು. ಅಲ್ಲಲ್ಲಿ ಅವಳ ದನಿ ಇಳಿದುಹೋಗುತ್ತಿತ್ತು. ಕೇಳಿಸದಿದ್ದ ಕಡೆ ನಾನು "ಏನಂದೆ?" ಎಂದೆ. ಎಷ್ಟು ಸಲ ಎಂದೆನೋ. ಅಂತಹ ವಿಷಯವನ್ನು ಎರಡೆರಡು ಸಲ ಹೇಳಿಸಲು ನನಗೆ ಸಂಕಟವಾಗುತ್ತಿತ್ತು. ಅವಳು ಮಾತ್ರ ಪ್ರತಿ ಸಲವೂ ನಿಂತು, ನನ್ನ ಕಡೆ ತಿರುಗಿ, ಮತ್ತೆ ಹೇಳಿದಳು.

ಮೇಲೆ ತಲುಪಿದಾಗ ಕುರಿಹಾರಾ ಸಾನ್ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಡ್ರೈವರ್ ಕೂಡ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟನಂತೆ. ಊರು ಕೆಳಗೆ ಮಂಜಿನಲ್ಲಿ ಮುಳುಗಿತ್ತು, ಆ ವಾಲಿದ ಗೋಪುರದ ತುದಿ ಮಾತ್ರ ಕಂಡಿತು. ಬಂದ ಮೇಲೆ ಇವತ್ತೇ ನಾನು ಊರನ್ನು ನೋಡಿದ್ದು.

ನವೆಂಬರ್ ೨೬, ಫುನಾಬೊರಿ

ವಾಪಸ್ಸು. ಬಟ್ಟೆ ಒಗೆದದ್ದೇ ಆಯಿತು. ವಿಮಾನದಲ್ಲಿ ಎಡಕ್ಕೆ ಕೂತ ಗಂಡಸು ಏನೋ ಕೇಳುತ್ತಿದ್ದ, ಈ ಕಿವಿ ಕೇಳಿಸುವುದಿಲ್ಲ ಎಂದು ತೋರಿಸಿದೆ. ತನಗೂ ಒಂದು ಕಣ್ಣು ಮಂದ ಎಂದ. ಚೆನ್ನಾಗಿ ಮಾತಾಡುತ್ತಿದ್ದ, ಸೇಬು ಬೆಳೆಯುವವನಂತೆ.

ಅನುಗೆ ತಂದ ಕೈಚೀಲ ಇಷ್ಟವಾಗಲಿಲ್ಲ. ಬಣ್ಣ ಹಳೇ ಕಾಲದ್ದಂತೆ.

ಡಿಸೆಂಬರ್ ೬

ಕ್ಲಾಸ್ ಮತ್ತೆ ಶುರುವಾಯಿತು. ತಾಯಂದಿರು ಕೇಳುತ್ತಲೇ ಇದ್ದರು, ಎಷ್ಟು ದಿನ ಎಂದು ನೆಪ ಹೇಳುವುದು. ಬೆಂಚುಗಳನ್ನೆಲ್ಲ ಒಂದೇ ಪಕ್ಕಕ್ಕೆ ಎಳೆಸಿದೆ. "ನಂಗೆ ಈ ಕಿವಿ ಕೇಳಲ್ಲ. ಮಾತಾಡೋ ಮುಂಚೆ ಕೈ ಎತ್ತಬೇಕು, ಯಾರು ಅಂತ ನಂಗೆ ಕಾಣ್ಬೇಕು" ಎಂದೆ. ಕಿಟಕಿಯ ಹುಡುಗಿ ಕೈ ಎತ್ತಿ, ಅದು ಯಾಕೆ ಕೇಳಲ್ಲ ಎಂದು ಕೇಳಿದಳು. ಯಾಕೆ ಎಂದು ಡಾಕ್ಟರಿಗೂ ಗೊತ್ತಿಲ್ಲ ಎಂದೆ. ಅವಳಿಗೆ ಅದು ಬಹಳ ವಿಚಿತ್ರ ಎನಿಸಿತು. ಆಮೇಲೆ ಪಾಠಕ್ಕಿಂತ ಕೈ ಎತ್ತುವುದೇ ಹೆಚ್ಚಾಯಿತು. ಗಲಾಟೆ ಕಡಿಮೆ. ಇದನ್ನು ಮೊದಲೇ ಮಾಡಬೇಕಿತ್ತು, ಗಂಟಲಾದರೂ ಉಳಿಯುತ್ತಿತ್ತು.

ಳ ಬರೆಯಲು ಇನ್ನೂ ಯಾರಿಗೂ ಸರಿಯಾಗಿ ಬಂದಿಲ್ಲ.

ಡಿಸೆಂಬರ್ ೧೫

ಯಾಮಿನಿ ಬಂದಿದ್ದಳು. ನಾಡಿದ್ದು ಆಸ್ಪತ್ರೆಯಲ್ಲಿ ರಿಪೋರ್ಟ್ ಕೊಡುತ್ತಾರೆ, ಮುಂದೇನು ಎಂದು ಹೇಳುತ್ತಾರೆ. ಪ್ರಶಾಂತ ಓಸಾಕಾದಲ್ಲಿ ಕ್ಲೈಂಟ್ ಹತ್ತಿರ, ಬರಲು ಆಗುವುದಿಲ್ಲ. "ನೀವು ಬನ್ನಿ ವೇದಕ್ಕ" ಎಂದಳು. ನಾನು ಹಿಂಜರಿದೆ. ಡಾಕ್ಟರು ಮಾಸ್ಕ್ ಹಾಕಿರುತ್ತಾರೆ, ತುಟಿ ಕಾಣುವುದಿಲ್ಲ, ಮೆಲ್ಲಗೆ ಮಾತಾಡುತ್ತಾರೆ. ಇಂತಹ ಕೆಲಸಕ್ಕೆ ನನ್ನನ್ನು ಕರೆಯುವುದೇ ಎಂದೆ.

"ಆ ರೂಮಿಗೆ ಹೋದ್ರೆ ನಂಗೆ ಏನೂ ತಲೆಗೆ ಹೋಗಲ್ಲ. ಎರಡು ಕಿವಿ ಇದ್ದೂ ಕೇಳಿಸಲ್ಲ. ನೀವು ಕೇಳಿಸ್ಕೊಳ್ಳಿ, ಹೊರಗೆ ಬಂದು ನಂಗೆ ಕನ್ನಡದಲ್ಲಿ ಹೇಳಿ" ಎಂದಳು.

ಡಿಸೆಂಬರ್ ೧೭

ಬೆಳಿಗ್ಗೆ ಚಳಿ. ರೈಲಿನಲ್ಲಿ ಹೋಗುವಾಗ ಯಾಮಿನಿ ಒಂದು ಮಾತು ಹೇಳಿದಳು. ಅತ್ತೆ ಊರಿನಿಂದ ಬಂದ ದಿನ ಅವರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದಾಗ, ಸ್ಟೇಷನ್ನಿನಲ್ಲಿ ಲಿಫ್ಟ್ ಕೆಟ್ಟಿತ್ತಂತೆ. ಅತ್ತೆಯ ದೊಡ್ಡ ಸೂಟ್‌ಕೇಸನ್ನು ಇವಳೇ ಮೆಟ್ಟಿಲು ಹತ್ತಿಸಿದಳಂತೆ. ಉಪ್ಪಿನಕಾಯಿ, ಹಪ್ಪಳ, ಇವಳಿಗಾಗಿ ತಂದ ತುಪ್ಪ ಎಲ್ಲಾ ಅದರಲ್ಲಿತ್ತು. "ಅದರಿಂದಾನೇ ಆಗಿದ್ದಾ ಅಂತ ಕೇಳಿ. ನಾನು ಕೇಳಲ್ಲ. ನೀವು ಕೇಳಿ." ಪ್ರಶಾಂತನಿಗೂ ಹೇಳಿಲ್ಲವಂತೆ. ಹೇಳಿದರೆ ಅವನು ತನ್ನ ತಾಯಿಯನ್ನು ಬೈಯುತ್ತಾನೆ, ಇಲ್ಲವೇ ಇವಳನ್ನು ಬೈಯುತ್ತಾನೆ ಎಂದು.

ಒಳಗೆ ಕರೆದರು. ಡಾಕ್ಟರು ಕಂಪ್ಯೂಟರ್ ಕಡೆ ಮುಖ ಮಾಡಿಯೇ ಮಾತು ಶುರುಮಾಡಿದರು. ನಾನು, ಸುಮಿಮಾಸೆನ್, ನನ್ನ ಎಡಗಿವಿ ಕೇಳಿಸುವುದಿಲ್ಲ, ದಯವಿಟ್ಟು ಈ ಕಡೆ ತಿರುಗಿ, ಸ್ವಲ್ಪ ಜೋರಾಗಿ ಹೇಳಿ ಎಂದೆ. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಕೇಳಿಸದ ಕಡೆಯೆಲ್ಲ ತಡೆದು ಮತ್ತೆ ಹೇಳಿಸಿದೆ. ನರ್ಸ್ ಗಡಿಯಾರ ನೋಡಿದಳು. ನೋಡಲಿ. ಯಾಮಿನಿ ನನ್ನ ಬಲಗಡೆ ಕೂತು ನೆಲ ನೋಡುತ್ತಿದ್ದಳು.

ಕೊನೆಗೆ ಸೂಟ್‌ಕೇಸಿನ ವಿಷಯ ಕೇಳಿದೆ. ಡಾಕ್ಟರು ನನ್ನನ್ನು ಬಿಟ್ಟು ಯಾಮಿನಿಯನ್ನು ನೋಡಿದರು. ಮಾಸ್ಕಿನ ಹಿಂದಿನಿಂದ ನಿಧಾನವಾಗಿ, ಒಂದೊಂದೇ ಪದವಾಗಿ ಹೇಳಿದರು. ನಾನು ಖಚಿತಪಡಿಸಿಕೊಳ್ಳಲು ಇನ್ನೊಂದು ಸಲ ಕೇಳಿದೆ. ಇನ್ನೊಂದು ಸಲವೂ ಅದನ್ನೇ ಹೇಳಿದರು.

ಹೊರಗೆ ಆಸ್ಪತ್ರೆಯ ಎದುರು ಒಂದು ಪುಟ್ಟ ಪಾರ್ಕು, ಗಿಂಕೊ ಮರದ ಎಲೆಯೆಲ್ಲ ಉದುರಿ ನೆಲ ಹಳದಿಯಾಗಿತ್ತು. ಬೆಂಚಿನ ಮೇಲೆ ಕೂತೆವು. ಮೂಲೆಯ ಕೊಂಬಿನಿ ಅಂಗಡಿಯಿಂದ ಬಿಸಿ ಟೀ ತಂದುಕೊಟ್ಟೆ. ಆಮೇಲೆ ಹೇಳಿದೆ. ರಿಪೋರ್ಟಿನಲ್ಲಿ ಕೆಟ್ಟದ್ದು ಏನೂ ಇಲ್ಲ. ಬೇಕಿದ್ದರೆ ವಸಂತದಲ್ಲಿ ಮತ್ತೆ ಪ್ರಯತ್ನಿಸಬಹುದು. ಸಾಕು ಎನಿಸಿದರೆ ಸಾಕು ಎನ್ನಬಹುದು, ಅದೂ ತಪ್ಪಲ್ಲ. ಇವತ್ತೇ ಹೇಳಬೇಕಾಗಿಲ್ಲ.

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದಳು.

"ಸೂಟ್‌ಕೇಸಿಗೂ ಇದಕ್ಕೂ ಏನೂ ಸಂಬಂಧ ಇಲ್ವಂತೆ. ನೀನು ಅದನ್ನ ಎತ್ತದೇ ಇದ್ದಿದ್ರೂ ಹೀಗೇ ಆಗ್ತಿತ್ತಂತೆ. ನೀನು ಮಾಡಿದ್ದರಿಂದ ಆಗಿದ್ದಲ್ಲ, ಮಾಡದೇ ಇದ್ದಿದ್ದರಿಂದಾನೂ ಆಗಿದ್ದಲ್ಲ ಅಂದ್ರು."

"ನಿಮಗೆ ಸರಿಯಾಗಿ ಕೇಳ್ಸಿತಾ?"

"ಎರಡು ಸಲ ಕೇಳಿಸ್ಕೊಂಡೆ."

ಯಾಮಿನಿ ತಲೆಯಾಡಿಸಿದಳು.  ಆಮೇಲೆ ನನ್ನ ಕಡೆ ಜರುಗಿ, ಬಲಗಿವಿಯ ಹತ್ತಿರ ಬಂದು ಹೇಳಿದಳು:

"ಇನ್ನೊಂದು ಸಲ ಹೇಳಿ ಅಕ್ಕ."

ಹೇಳಿದೆ.